ಮಹಡಿ ಹಲಗೆ ಕೀಳೋಕೆ ಮುಂಚೆ

ಪ್ರೀತಿಯ ಅಪ್ಪಿಗೆ ಅತ್ತೆಯ ಆಶೀರ್ವಾದಗಳು.

ನೀನು ಕಳ್ಸಿದ ಫೋಟೋ ನೋಡ್ದೆ ಮಾರಾಯ. ಮೂಲೆ ಕೋಣೆ ಮಹಡಿ ಹಲಗೆ ಹಂಗೆ ಕಪ್ಪಾಗಿದ್ದು ನೋಡಿ ಹೊಟ್ಟೆ ಚುರುಕ್ ಅಂತು, ನಾನು ಹುಟ್ಟಿ ಬೆಳ್ದ ಮನೆ ಅಲ್ವಾ. ಅದಕ್ಕಿಂತ ಗಾಬರಿ ಆಗಿದ್ದು ಕೆಳಗೆ ನೀನು "ಎಲ್ಲಾ ಕಿತ್ತು ಸ್ಲ್ಯಾಬ್ ಹಾಕ್ಸಿಬಿಡ್ತೀನಿ ಅತ್ತೆ" ಅಂತ ಬರ್ದಿದ್ದು ನೋಡಿ. ಸ್ವಲ್ಪ ತಡಿ.

ನಿಮ್ಮ ಮಾವ ಕೂತು ಲೆಕ್ಕ ಹಾಕಿದ್ರು, ಆ ಕೋಣೆ 12ಕ್ಕೆ 14 ಅಡಿ, 4 ಇಂಚಿನ ಸ್ಲ್ಯಾಬ್ ಅಂದ್ರೆ ಚದರಡಿಗೆ 23 ಕೆಜಿ ಹತ್ರ, ಒಟ್ಟು 4 ಟನ್ ಆಸುಪಾಸು. ಒಂದಿಂಚು ಹಲಗೆ ಚದರಡಿಗೆ ಎರಡು ಕೆಜಿ ಆಸುಪಾಸು ಅಷ್ಟೆ. ಹಲಗೆ ಹೊರೋಕೆ ಅಂತ ಅಜ್ಜ ಕಟ್ಸಿದ ಮಣ್ಣಿನ ಗೋಡೆ ಮೇಲೆ 4 ಟನ್ ಕೂರ್ಸ್ತೀಯಾ? ಸ್ಲ್ಯಾಬ್ ಮಾತು ಇಲ್ಲಿಗೇ ಬಿಡು.

ಹಲಗೆ ಕೊಳ್ತಿದೆ ಅಂದ್ರೆ ಎಲ್ಲಿಂದಲೋ ನೀರು ಬರ್ತಿದೆ ಅಂತ ಅರ್ಥ ಕಣೋ. ಮರ ಒಣಗಿದ್ರೆ ಬೂಷ್ಟು ಹಿಡಿಯಲ್ಲ, ತೇವ 20 ಪರ್ಸೆಂಟ್ ಒಳಗಿದ್ರೆ ನೂರು ವರ್ಷ ಆದ್ರೂ ಕೊಳೆಯಲ್ಲ. ಆ ಮೂಲೆ ಮೇಲೇನೇ ಎರಡು ಕಡೆಯ ಹೆಂಚಿನ ಮಾಡು ಸೇರೋ ಜಾಗದಲ್ಲಿ ತಗಡು ಇದೆ, ಅದು ತುಕ್ಕು ಹಿಡಿದು ತೂತಾಗಿರುತ್ತೆ, ಇಲ್ಲಾಂದ್ರೆ ಮಂಗ ಓಡಾಡಿ ಹೆಂಚು ಸರಿದಿರುತ್ತೆ. ಮಳೆ ಜೋರಿದ್ದಾಗ ಟಾರ್ಚ್ ಹಿಡ್ಕೊಂಡು ಅಟ್ಟಕ್ಕೆ ಹತ್ತಿ ನೋಡು, ಬಿಸಿಲಲ್ಲಿ ನೋಡಿದ್ರೆ ಏನೂ ಗೊತ್ತಾಗಲ್ಲ. ಇನ್ನೊಂದು ನಂಗೆ ಡೌಟಿದೆ, ನಿಮ್ಮಪ್ಪ ಹೊರಗಡೆ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡ್ಸಿದ್ನಲ್ಲ, ಮಣ್ಣಿನ ಗೋಡೆ ಕುಡಿದ ನೀರು ಹೊರಗೆ ಹೋಗೋಕೆ ದಾರಿ ಇಲ್ದೆ ತೊಲೆ ತುದಿ ಹತ್ರಾನೇ ನಿಲ್ಲುತ್ತೆ. ಹಲಗೆ ಮೇಲ್ಗಡೆ ಕೆಟ್ಟಿದ್ದು ನಿಂಗೆ ಕಾಣ್ಸುತ್ತೆ, ಗೋಡೆ ಒಳಗಿರೋ ತೊಲೆ ತುದಿ ಕಾಣ್ಸಲ್ಲ, ಆದ್ರೆ ಮನೆ ಬೀಳಿಸೋದು ಅದೇ.

ಅದನ್ನ ಹೆಂಗೆ ನೋಡೋದು ಅಂದ್ರೆ ಒಂದು ಸ್ಕ್ರೂಡ್ರೈವರ್ ತಗೊಂಡು ತೊಲೆ ಗೋಡೆಗೆ ಸೇರೋ ಜಾಗದಲ್ಲಿ ಚುಚ್ಚು. ಗಟ್ಟಿ ಮರ ಆದ್ರೆ ಮೊನೆನೂ ಇಳಿಯಲ್ಲ, ಕೊಳ್ತಿದ್ರೆ ಹಳಸಿದ ಬ್ರೆಡ್ಡಿಗೆ ಚುಚ್ಚಿದ ಹಂಗೆ ಒಳಗೆ ಹೋಗುತ್ತೆ. ಇದ್ದಿಲಿನ ಥರ ಚೌಕ ಚೌಕ ಬಿರುಕು ಬಿಟ್ಟಿದ್ರೂ ಕೊಳ್ತಿದ್ದೇ ಅದು. ಸಣ್ಣ ತೂತು, ಕೆಳಗೆ ಮೈದಾ ಹಿಟ್ಟಿನಂಥ ಪುಡಿ ಉದುರಿದ್ರೆ ಕುಟ್ಟೆ ಹುಳ. ಗೋಡೆ ಮೇಲೆ ಮಣ್ಣಿನ ಗೆರೆ ಹತ್ತಿದ್ರೆ ಒರಲೆ. ಮೂರಕ್ಕೂ ಬೇರೆ ಬೇರೆ ಔಷಧಿ, ಪೇಟೆಯೋನು ಬಂದು ಎಲ್ಲಕ್ಕೂ ಒಂದೇ ಸ್ಪ್ರೇ ಹೊಡ್ದು ದುಡ್ಡು ಇಸ್ಕೊಂಡು ಹೋಗ್ತಾನೆ, ಹುಷಾರು.

ನಾನು ಮಾಡಿದ ಪೆದ್ದುತನ ಹೇಳ್ತೀನಿ ಕೇಳು. ನಮ್ಮನೆ ಮಹಡಿ ಹಲಗೆ ಮೆತ್ತಗಾಗಿದೆ ಅನ್ಸಿದಾಗ, ಚಂದ ಕಾಣ್ಲಿ ಅಂತ ಮೇಲೆ ಪ್ಲೈವುಡ್ ಹೊಡ್ಸಿ ವಿನೈಲ್ ಮ್ಯಾಟ್ ಅಂಟಿಸ್ದೆ. ಎರಡು ಮಳೆಗಾಲ ಕಳೀತು. ದೀಪಾವಳಿಗೆ ಮೇಲೆ ಕ್ಲೀನ್ ಮಾಡ್ತಿದ್ದಾಗ ನಿಮ್ಮ ಮಾವನ ಕಾಲು ತೊಡೆ ತನಕ ಒಳಗೆ ಹೋಯ್ತು, ಕೆಳಗೆ ಜಗುಲಿಲಿ ಆಡ್ತಿದ್ದ ಮಕ್ಕಳು ಮೇಲಿಂದ ಒಂದು ಕಾಲು ಇಳಿದಿದ್ದು ನೋಡಿ ಕಿರುಚ್ಕೊಂಡು ಅಂಗಳಕ್ಕೆ ಓಡಿದ್ವು. ಈಗ ನಗ್ತೀವಿ, ಅವತ್ತು ಏಳು ಹೊಲಿಗೆ ಬಿದ್ದಿತ್ತು. ಮ್ಯಾಟ್ ಎತ್ತಿ ನೋಡಿದ್ರೆ ಅಡಿಲಿ ಬೆವರಿಳಿದಂಗೆ ನೀರು, ಹಲಗೆ ಕೈಯಲ್ಲಿ ಹಿಂಡ್ಬೋದಿತ್ತು. ನೀನು ಏನ್ ಬೇಕಾದ್ರೂ ಮಾಡು, ಉಸಿರಾಡದ್ದನ್ನ ಮಾತ್ರ ಮರದ ಮೇಲೆ ಹಾಸ್ಬೇಡ.

ಆಚಾರಿಗೆ ಹೇಳು, ಮೊದ್ಲು ಕೆಳಗಿಂದ ಜಾಕಿ ಕೊಟ್ಟು ತೊಲೆ ಹಿಡ್ಕೊಂಡೇ ಹಲಗೆ ಮುಟ್ಟೋದು ಅಂತ. ತುದಿ ಒಂದೂವರೆ ಅಡಿ ಕೊಳ್ತಿದ್ರೆ ಇಡೀ ತೊಲೆ ಬದಲಾಯಿಸ್ಬೇಕಾಗಿಲ್ಲ, ಗಟ್ಟಿ ಮರ ಸಿಗೋ ತನಕ ಕತ್ತರಿಸಿ, ಹೊಸ ತುಂಡು ಜೋಡ್ಸಿ, ಎರಡೂ ಬದಿಗೆ ಕಬ್ಬಿಣದ ಚಾನೆಲ್ ಕೊಟ್ಟು ಬೋಲ್ಟ್ ಹಾಕಿದ್ರೆ ಆಯ್ತು. ಒಂದ್ಸಲ ಇಂಜಿನಿಯರ್ ಹತ್ರ ತೋರಿಸು, ಅದಕ್ಕೆ ಜಿಪುಣತನ ಮಾಡ್ಬೇಡ. ಗೋಡೆಲಿ ತುದಿ ಕೂರೋ ಗೂಡಿಗೆ ಸಿಮೆಂಟ್ ತುಂಬ್ಸಕ್ಕೆ ಬಿಡ್ಬೇಡ, ಸುತ್ತ ಒಂದು ಬೆರಳು ಗಾಳಿ ಆಡ್ಲಿ. ಮರ ಹಳೇ ಮನೆ ಕೆಡವಿದೋರ ಹತ್ರ ಸಿಗುತ್ತೆ, ಹೊನ್ನೆನೋ ಮತ್ತಿನೋ ಹಲಸೋ, ಚೆನ್ನಾಗಿ ಒಣಗಿರುತ್ತೆ. ಹಸಿ ಮರ ಹೊಡ್ಸಿದ್ರೆ ಬೇಸಿಗೆಗೆ ಸಂದು ಬಿಟ್ಟು ಮೇಲಿನ ಕಸ ಎಲ್ಲಾ ಊಟದ ಎಲೆಗೇ ಬೀಳುತ್ತೆ.

ಕೂರಿಸೋ ಮುಂಚೆ ತೊಲೆ ತುದಿಗೆ ಗೇರೆಣ್ಣೆ, ಅಂದ್ರೆ ಗೇರುಬೀಜದ ಸಿಪ್ಪೆ ಎಣ್ಣೆ ಹಚ್ಸು, ಅಜ್ಜನ ಕಾಲದಿಂದ ಅದೇ. ಹಚ್ಚೋನು ಕೈಗೆ ದಪ್ಪಕ್ಕೆ ಕೊಬ್ಬರಿ ಎಣ್ಣೆ ಬಳ್ಕೊಳ್ಲಿ, ಇಲ್ಲಾಂದ್ರೆ ಬೊಕ್ಕೆ ಏಳುತ್ತೆ. ಮುಂಚೆ ಒಲೆ ಹೊಗೆ ಮೇಲೆ ಹೋಗಿ ಅಟ್ಟದ ಮರ ಒಣಗಿಸ್ತಿತ್ತು, ಹುಳನೂ ಬರ್ತಿರ್ಲಿಲ್ಲ, ಗ್ಯಾಸ್ ಬಂದ್ಮೇಲೆ ಅಮ್ಮನ ಕಣ್ಣು ಉಳೀತು ಆದ್ರೆ ಮರಕ್ಕೆ ಆ ಕಾವಲು ಹೋಯ್ತು. ಹಂಗಾಗಿ ಮಹಡಿ ಕಿಟಕಿ ಬಾಗಿಲು ದಿನಾ ತೆಗಿ.

ತಗಡು, ಹೆಂಚು ಈಗ್ಲೇ ಸರಿ ಮಾಡ್ಸು, ಹಲಗೆ ಕೆಲ್ಸ ಜನವರಿ ಮೇಲೆ, ಮರ ಒಣಗಿದ್ಮೇಲೆ. ನಾನೂ ಬರ್ತೀನಿ ಅಷ್ಟೊತ್ತಿಗೆ. ಫೋಟೋದಲ್ಲಿ ಗೋಡೆ ಪಕ್ಕ ಐದಾರು ಅಡಿಕೆ ಮೂಟೆ ಕಂಡ್ವು, ಅದನ್ನ ಇವತ್ತೇ ಕೆಳಗೆ ಇಳ್ಸು. ಇಳಿಸೋವಾಗ ಮೊಳೆ ಸಾಲು ನೋಡ್ಕೊಂಡು ತೊಲೆ ಇರೋ ಕಡೆನೇ ಕಾಲಿಡು, ನಡು ಮಧ್ಯೆ ಹೆಜ್ಜೆ ಹಾಕ್ಬೇಡ.

ನಿನ್ನ ಅತ್ತೆ