ಸೂರ್ಯಾಸ್ತ ಬಿಟ್ಟು ಬಂಗಡೆ ಬಿಡಿಸು

ಶಿರಸಿ

ಪ್ರಿಯ ಗೆಳೆಯಾ,

ಕಾರವಾರದಿಂದ ನೀನು ಬರೆದ ಪತ್ರ ತಲುಪಿತು. ದಿನವೂ ಬಿಡಿಸಲು ನನಗೆ ವಿಷಯ ಎಲ್ಲಿಂದ ಸಿಗುತ್ತದೆ, ಬಿಡಿಸಿದ್ದನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿದ್ದೀಯ. ನನ್ನ ಮಟ್ಟಿಗೆ ಎರಡಕ್ಕೂ ಉತ್ತರ ಒಂದೇ. ಈ ನೆಲದವರು ನೋಡಿದ ಕೂಡಲೇ ಗುರುತು ಹಿಡಿಯುವಂಥದ್ದನ್ನು, ಅವರು ಬೆರಳು ತೋರಿಸಲಾಗದಷ್ಟು ಸರಿಯಾಗಿ ಬಿಡಿಸಬೇಕು. ಆಗ ವಿಷಯಕ್ಕೂ ಬರವಿಲ್ಲ, ಕೊಳ್ಳುವವರಿಗೂ ಬರವಿಲ್ಲ. ಇದೇ ಪ್ರಶ್ನೆ ಹೊತ್ತು ಕುಳಿತಿರುವ ಇನ್ನೂ ಕೆಲವರಿಗೆ ಉಪಯೋಗವಾದೀತು ಎಂದು ಈ ಪತ್ರವನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ನಿನ್ನ ಹೆಸರು ಬರೆದಿಲ್ಲ.

ನನ್ನ ಚಿತ್ರಗಳ ವರ್ಷ ಜನವರಿಗೆ ಶುರುವಾಗುವುದಿಲ್ಲ, ಮುರುಗಲು (ಕೋಕಂ) ಹಣ್ಣಾಗುವ ಹೊತ್ತಿಗೆ ಶುರುವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಅಂಗಳಗಳಲ್ಲಿ ಸಿಪ್ಪೆ ಒಣಗುವುದನ್ನು ನೀನು ನೋಡಿದ್ದೀಯ. ಕೂತು ಬಣ್ಣ ಕಲಸಿ ನೋಡು, ಆಗ ಅದರ ಆಟ ತಿಳಿಯುತ್ತದೆ. ಬೀಜ ತೆಗೆದ ಸಿಪ್ಪೆ ಮೊದಲು ಕುಂಕುಮದ ಕೆಂಪು. ಅದರದೇ ರಸಕ್ಕೆ ಉಪ್ಪು ಬೆರೆಸಿ, ಅದ್ದಿ ಅದ್ದಿ ಒಣಗಿಸುತ್ತಾ ಹೋದಂತೆ ನೇರಳೆಗೆ ತಿರುಗಿ ಕೊನೆಗೆ ಕಪ್ಪಾಗುತ್ತದೆ. ಕಪ್ಪಾದ ಸಿಪ್ಪೆಯನ್ನೂ ಎತ್ತಿ ಬೆಳಕಿಗೆ ಹಿಡಿದರೆ ತೆಳುವಾದ ಅಂಚಿನಲ್ಲಿ ಆ ಮೊದಲ ಕೆಂಪು ಕಾಣಿಸುತ್ತದೆ. ಚಿತ್ರದಲ್ಲಿ ಆ ಅಂಚು ಬಂದರೆ ಮುರುಗಲು, ಬಾರದಿದ್ದರೆ ಯಾವುದೋ ಒಣಹಣ್ಣು. ಒಂದೇ ಅಂಗಳವನ್ನು ವಾರವಿಡೀ ಬಿಡಿಸಿದರೂ ಬಣ್ಣದ ತಟ್ಟೆ ಪ್ರತಿದಿನ ಬೇರೆಯೇ ಆಗಿರುತ್ತದೆ.

ಮಳೆ ಹಿಡಿಯುವ ಮುನ್ನ ಅಡಿಕೆ ತೋಟಕ್ಕೆ ಮದ್ದು ಹೊಡೆಯುವ ಗಡಿಬಿಡಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತ ಮತ್ತು ಸುಣ್ಣ. 100 ಲೀಟರ್ ನೀರಿಗೆ ಒಂದೊಂದು ಕಿಲೋ. ಎರಡೂ ಕೂಡಿದಾಗ ಹುಟ್ಟುವ ಆ ತಿಳಿನೀಲಿ ಅಡಿಕೆಯ ಕೊನೆಯ (ಗೊನೆಯ) ಮೇಲೆ, ಮರದ ಕಾಂಡದ ಮೇಲೆ, ಮದ್ದು ಹೊಡೆಯುವ ಕೊನೆಗೌಡರ ಅಂಗಿಯ ತೋಳಿನ ಮೇಲೆ ಕೂತಿರುತ್ತದೆ. ಹಸಿರು, ಕಂದು ಬಿಟ್ಟರೆ ಬೇರೆ ಬಣ್ಣವೇ ಇಲ್ಲದ ತೋಟದಲ್ಲಿ ಆ ನೀಲಿ ಎಷ್ಟು ಚೆಂದ ಗೊತ್ತೇ! ಪೇಟೆಯ ಬಣ್ಣದ ಡಬ್ಬಿಯಲ್ಲಿ ಅದು ಸಿಗುವುದಿಲ್ಲ. ಆಕಾಶನೀಲಿಗೆ ಬಿಳಿ ಸೇರಿಸಿ, ಚೂರು ಹಸಿರು ತೋರಿಸಿ ನಾನೇ ಕಲಸಿಕೊಳ್ಳುತ್ತೇನೆ.

ಚಳಿಗಾಲಕ್ಕೆ ಅಡಿಕೆ ಸುಲಿದು ಬೇಯಿಸುವ ಕೆಲಸ. ಬೇಯಿಸಿ ಉಳಿದ ಒಗರು ನೀರನ್ನು, ಅಂದರೆ ಚೊಗರನ್ನು, ಒಂದು ಬಾಟಲಿಯಲ್ಲಿ ತಂದಿಟ್ಟುಕೊಳ್ಳುತ್ತೇನೆ. ನೀರು ಬೆರೆಸಿದರೆ ಹಳೆಯ ಫೋಟೋಗಳ ಕಂದು ಬಣ್ಣ ಬರುತ್ತದೆ. ತುಕ್ಕು ಹಿಡಿದ ಮೊಳೆಗಳನ್ನು ಅದರಲ್ಲಿ ನೆನೆಹಾಕಿದರೆ ಕಬ್ಬಿಣ ಮತ್ತು ಒಗರು ಸೇರಿ ಹಸಿರು ಛಾಯೆಯ ಕಪ್ಪಾಗುತ್ತದೆ. ದಿನದ ಟಿಪ್ಪಣಿಚಿತ್ರಗಳಿಗೆಲ್ಲ ಇದೇ ಶಾಯಿ. ಗೋಡೆಗೆ ಹಾಕುವ ಚಿತ್ರಕ್ಕೆ ಮಾತ್ರ ಬಳಸುವುದಿಲ್ಲ, ಬೆಳಕಿಗೆ ಬಣ್ಣ ನಿಲ್ಲುವ ಭರವಸೆ ಇಲ್ಲದ್ದನ್ನು ಹಣ ಪಡೆದು ಕೊಡಬಾರದು. ಫೆಬ್ರುವರಿ, ಮಾರ್ಚ್ ಬಂತೆಂದರೆ ಸುರಗಿ ಹೂ. ಕೊಂಬೆಗೇ ಅಂಟಿಕೊಂಡು ಅರಳುವ ನಾಲ್ಕು ಬಿಳಿ ಎಸಳು, ನಡುವೆ ಹಳದಿ ಕೇಸರಗಳ ಗೊಂಚಲು.

ಇನ್ನು ಕೊಳ್ಳುವವರ ಮಾತು. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಪ್ರತಿ ಜನವರಿಗೆ ನಡೆಯುವ ಚಿತ್ರಸಂತೆಯಲ್ಲಿ ಒಮ್ಮೆ ಹಿರಿಯ ಹೆಂಗಸೊಬ್ಬರು ನನ್ನ ಅಪ್ಪೆಮಿಡಿಯ (ಉಪ್ಪಿನಕಾಯಿ ಹಾಕುವ ಎಳೆ ಮಾವಿನಕಾಯಿ) ಕಾರ್ಡನ್ನು ಎತ್ತಿಕೊಂಡು ಕನ್ನಡಕ ಸರಿಮಾಡಿಕೊಂಡರು. ಅವರು ಹುಡುಕಿದ್ದು ತೊಟ್ಟನ್ನು. ಉಪ್ಪಿನಕಾಯಿಗೆ ಮಿಡಿಯನ್ನು ತೊಟ್ಟು ಸಮೇತವೇ ಕೊಯ್ಯಬೇಕು, ಇಲ್ಲದಿದ್ದರೆ ಸೊನೆ ಸೋರಿಹೋಗುತ್ತದೆ. ಇದು ನಮ್ಮ ಕಡೆಯ ಪ್ರತಿ ಅಡುಗೆಮನೆಗೂ ಗೊತ್ತು. ನನ್ನ ಮಿಡಿಗೆ ತೊಟ್ಟಿತ್ತು, ತೊಟ್ಟಿನ ಬುಡದಲ್ಲಿ ಸೊನೆಯ ಒಂದು ಹನಿಯೂ ಇತ್ತು. "ಬರೆದವರಿಗೆ ಮಿಡಿ ಗೊತ್ತಿದೆ" ಎಂದರು. ಮಗಳಿಗೊಂದು, ತಂಗಿಗೊಂದು, ತಮಗೊಂದು ಎಂದು ತೆಗೆದುಕೊಂಡು ಹೋದರು. ಅದೇ ಮೇಜಿನ ಮೇಲೆ ನಾನು ಆಸೆಪಟ್ಟು ಮಾಡಿದ ಗುಲಾಬಿಗಳೂ ಇದ್ದವು. ಗುಲಾಬಿ ಎಲ್ಲರ ಊರಿನಲ್ಲೂ ಇದೆ, ಆದ್ದರಿಂದ ಯಾರೂ ಅದರ ಮುಂದೆ ನಿಲ್ಲಲಿಲ್ಲ. ಊರು ಬಿಟ್ಟು ಹೋದವರು ನಮ್ಮಿಂದ ಕೊಳ್ಳುವುದು ತಮಗೆ ಗೊತ್ತಿರುವುದನ್ನು. ಗೊತ್ತಿರುವವರ ಮುಂದೆ ಅಂದಾಜಿನ ಚಿತ್ರ ನಡೆಯುವುದಿಲ್ಲ.

ಕೈಯಲ್ಲಿ ಮಾಡುವುದರ ಬಗ್ಗೆ ಕೇಳಿದ್ದೀಯ. ಜಲವರ್ಣದ ಮೂಲಚಿತ್ರ ಒಂದೇ ಇರುತ್ತದೆ, ಅದಕ್ಕೆ ಬೆಲೆ ಹೆಚ್ಚು, ಕೊಳ್ಳುವವರು ಕಡಿಮೆ. ಹಾಗಾಗಿ ನನ್ನ ಅನ್ನ ಹುಟ್ಟುವುದು ಲಿನೋ ಅಚ್ಚಿನಲ್ಲಿ. ಲಿನೋ ಹಾಳೆ ಅಗಸೆ ಎಣ್ಣೆ ಮತ್ತು ಬೆಂಡಿನ (ಕಾರ್ಕ್) ಪುಡಿಯಿಂದ ಆದದ್ದು. ಚಳಿಯಲ್ಲಿ ಗಟ್ಟಿಯಾಗಿ ಉಳಿ ಜಾರುತ್ತದೆ. ಹತ್ತು ನಿಮಿಷ ಬಿಸಿಲಿಗಿಟ್ಟರೆ ಬೆಣ್ಣೆಯ ಹಾಗೆ ಕೊರೆಯಬಹುದು. ಕೊರೆದ ಜಾಗ ಬಿಳಿಯಾಗಿ ಉಳಿಯುತ್ತದೆ, ಉಳಿದ ಜಾಗಕ್ಕೆ ಶಾಯಿ. ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುವುದರಿಂದ ಅಕ್ಷರಗಳನ್ನು ಉಲ್ಟಾ ಕೊರೆಯಬೇಕು. ಅಚ್ಚೊತ್ತುವ ಯಂತ್ರ ನನ್ನಲ್ಲಿಲ್ಲ. ಕಾಗದ ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜುತ್ತೇನೆ. ಪ್ರತಿ ಹಾಳೆಯ ಕೆಳಗೆ ಎಡಕ್ಕೆ ಪೆನ್ಸಿಲಿನಲ್ಲಿ ಸಂಖ್ಯೆ, ಬಲಕ್ಕೆ ಸಹಿ. 4/30 ಎಂದರೆ ಒಟ್ಟು ಮೂವತ್ತರಲ್ಲಿ ಇದು ನಾಲ್ಕನೆಯದು. ಮೂವತ್ತೊಂದನೆಯದನ್ನು ಯಾರು ಎಷ್ಟು ಕೊಟ್ಟರೂ ತೆಗೆಯಬೇಡ. ಆ ಸಂಖ್ಯೆ ಕೊಂಡವರಿಗೆ ಕೊಟ್ಟ ಮಾತು.

ನಮ್ಮ ಮಳೆಗಾಲ ಕಾಗದದ ಶತ್ರು. ಒಳ್ಳೆಯ ಹತ್ತಿಕಾಗದ ಆಷಾಢದಲ್ಲಿ ತಾನೇ ತಾನಾಗಿ ಬೂಷ್ಟು ಹಿಡಿಯುತ್ತದೆ. ಎಣ್ಣೆಶಾಯಿ ದಿನಗಟ್ಟಲೆ ಒಣಗುವುದಿಲ್ಲ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಿಪ್ಪಣಿ ಮತ್ತು ಕೊರೆಯುವ ಕೆಲಸ, ದಸರೆ ಮುಗಿದ ಮೇಲೆ ಅಚ್ಚು. ಕಾಗದವೆಲ್ಲ ಟ್ರಂಕಿನೊಳಗೆ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ. ಕರಾವಳಿಯಲ್ಲಿ ನಿನಗೆ ಉಪ್ಪುಗಾಳಿಯೂ ಸೇರಿಕೊಳ್ಳುವುದರಿಂದ ಉಳಿಗಳಿಗೆ ಎಣ್ಣೆ ಹಚ್ಚಿಡುವುದನ್ನು ಮರೆಯಬೇಡ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ದೀವರ ಸಮುದಾಯದ ಹೆಣ್ಣುಮಕ್ಕಳು ಬಿಡಿಸುವ ಹಸೆ ಚಿತ್ತಾರವನ್ನು ಚೀಲದ ಮೇಲೆ ಮುದ್ರಿಸಿ ಮಾರಬಹುದಲ್ಲ ಎಂದು ಕೇಳಿದ್ದೀಯ. ನಾನು ಮಾಡುವುದಿಲ್ಲ, ನೀನೂ ಮಾಡಬೇಡ ಎಂದು ಕೇಳಿಕೊಳ್ಳುತ್ತೇನೆ. ಭೂಮಿ ಹುಣ್ಣಿಮೆಗೆ ದೀವರ ಹೆಣ್ಣುಮಕ್ಕಳು ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಗೆರೆ ಎಳೆಯುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಅಳತೆಪಟ್ಟಿ ಇಲ್ಲ, ಪೆನ್ಸಿಲಿನ ಗುರುತಿಲ್ಲ. ಗೆರೆ ಮಾತ್ರ ನೂಲು ಹಿಡಿದಷ್ಟು ನೇರ. ಆ ಕೈಗೆ ಸಲ್ಲಬೇಕಾದ ಹಣ ನನ್ನ ಚೀಲಕ್ಕೆ ಬರುವುದು ನ್ಯಾಯವಲ್ಲ. ಬೇಕೆಂದವರಿಗೆ ಬುಟ್ಟಿಯನ್ನು ಅವರಿಂದಲೇ ಕೊಡಿಸುತ್ತೇನೆ, ಬರೆದವರ ಹೆಸರಿನ ಚೀಟಿ ಕಟ್ಟುತ್ತೇನೆ. ಕಲಿಯುವುದು ಬೇರೆ ಮಾತು. ಇಲ್ಲಿನ ಮಾರಿಕಾಂಬಾ ದೇವಸ್ಥಾನದ ಗೋಡೆಗಳ ಕಾವಿ ಚಿತ್ರಗಳ ಮುಂದೆ ನಾನು ಈಗಲೂ ಹೋಗಿ ನಿಲ್ಲುತ್ತೇನೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿ ಆರುವ ಮೊದಲೇ ಮೊನೆಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರತೆಗೆಯುವ ಕಲೆ ಅದು. ತೆಗೆದುಹಾಕುತ್ತಾ ಚಿತ್ರ ಮಾಡುವವರಿಗೆ, ಅಂದರೆ ನಮ್ಮಂತೆ ಲಿನೋ ಕೊರೆಯುವವರಿಗೆ, ಇದಕ್ಕಿಂತ ದೊಡ್ಡ ಪಾಠಶಾಲೆ ಈ ಜಿಲ್ಲೆಯಲ್ಲಿ ಇಲ್ಲ. ಎಷ್ಟು ಕೆರೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಅಲ್ಲಿ ಕಲಿತೆ. ಆ ಬಳ್ಳಿಗಳನ್ನು ಮಾತ್ರ ನಕಲು ಮಾಡಲಿಲ್ಲ.

ಬೆಲೆ. ನಾಚಿಕೆಪಟ್ಟು ಕಡಿಮೆ ಹೇಳುವುದು ನಮ್ಮ ಕಡೆಯವರಿಗೆ ಅಂಟಿದ ರೋಗ. ಲೆಕ್ಕ ಹೀಗೆ ಹಾಕು. ಒಂದು ಅಚ್ಚಿಗೆ ಕಾಗದ, ಶಾಯಿ, ರಟ್ಟು, ಲಕೋಟೆ ಎಲ್ಲ ಸೇರಿ 70 ರೂಪಾಯಿ ಎಂದಿಟ್ಟುಕೊ. ಅಚ್ಚೊತ್ತುವ ಹೊತ್ತು ಮತ್ತು ಕೊರೆದ ದಿನಗಳ ಪಾಲು ಸೇರಿ ನಿನ್ನ ಕೂಲಿ 150. ನಿನ್ನ ಕೈಗೆ 220 ಬರಲೇಬೇಕು. ಅಂಗಡಿಯವರು ನೂರಕ್ಕೆ ಮೂವತ್ತು ಇಟ್ಟುಕೊಳ್ಳುತ್ತಾರೆ ಎಂದಾದರೆ ಹೆಚ್ಚಿನವರು 220ಕ್ಕೆ ಅದರ ನೂರಕ್ಕೆ ಮೂವತ್ತರ ಪಾಲು ಕೂಡಿಸಿ 286 ಎಂದು ಬರೆದುಬಿಡುತ್ತಾರೆ. ಆದರೆ ಅಂಗಡಿಯ ಪಾಲು ಹೋಗುವುದು ಆ 286ರಲ್ಲಿ. ಕೈಗೆ ಬರುವುದು 200. ಇಪ್ಪತ್ತು ರೂಪಾಯಿ ನಿನ್ನ ಕೂಲಿಯಿಂದಲೇ ಕಡಿತ! 220ನ್ನು 0.7ರಿಂದ ಭಾಗಿಸು, 314 ಬರುತ್ತದೆ. 320 ಎಂದು ಬರೆ. ಮೇಳದಲ್ಲಿ ನೀನೇ ಕೂತು ಮಾರುವಾಗಲೂ ಅದೇ 320. ಅಂಗಡಿಗಿಂತ ಅಗ್ಗಕ್ಕೆ ಕೊಟ್ಟರೆ ನಿನ್ನನ್ನು ನಂಬಿ ಕಪಾಟಿನಲ್ಲಿ ಜಾಗ ಕೊಟ್ಟವರಿಗೆ ಮೋಸವಾಗುತ್ತದೆ.

ಪ್ರಕಾಶಕರೋ ಕಂಪನಿಯೋ ಚಿತ್ರ ಕೇಳಿದರೆ ಕಾಗದದ ಮೇಲೆ ಬರೆಸಿಕೊ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನೀನಾಗಿಯೇ ಬಿಡಿಸಿದ ಚಿತ್ರದ ಹಕ್ಕು ನೋಂದಣಿ ಇಲ್ಲದೆಯೇ ನಿನ್ನದು. ಆದರೆ ಯಾರೋ ಹಣ ಕೊಟ್ಟು ಹೇಳಿ ಬಿಡಿಸಿಕೊಂಡ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಅವರದಾಗಬಹುದು. ಹಕ್ಕನ್ನು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಕಾಯ್ದೆ ತಿಳಿಯುತ್ತದೆ, ವ್ಯಾಪ್ತಿ ಹೇಳದಿದ್ದರೆ ಭಾರತಕ್ಕೆ ಮಾತ್ರ. "ಶಾಶ್ವತವಾಗಿ, ಎಲ್ಲ ರೂಪದಲ್ಲೂ" ಎಂಬ ಸಾಲು ಕಂಡರೆ ಸಹಿ ಹಾಕುವ ಮೊದಲು ನನಗೆ ಫೋನ್ ಮಾಡು.

ಈಗ ನಿನ್ನ ಚಿತ್ರಗಳ ಬಗ್ಗೆ. ಕಳಿಸಿದ ಹಾಳೆಗಳಲ್ಲಿ ಹೆಚ್ಚಿನವು ಟಾಗೋರ್ ಕಡಲತೀರದ ಸೂರ್ಯಾಸ್ತಗಳು. ಕೈ ಚೆನ್ನಾಗಿದೆ, ನೀರಿನ ಮೇಲಿನ ಬೆಳಕು ಬಹಳ ಚೆನ್ನಾಗಿದೆ. ಆದರೆ ಆ ಸೂರ್ಯ ಗೋವೆಯದೂ ಆಗಬಹುದು, ಕೇರಳದ್ದೂ ಆಗಬಹುದು. ನಿನ್ನ ಮನೆಯಿಂದ ಕೂಗಳತೆಯಲ್ಲಿ ರಂಪಣಿ ಬಲೆ ಎಳೆಯುತ್ತಾರೆ. ದೋಣಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬರುತ್ತದೆ, ಎರಡೂ ತುದಿಯ ಹಗ್ಗಕ್ಕೆ ಊರಿಗೆ ಊರೇ ಕೈ ಹಾಕುತ್ತದೆ. ಬಾಗಿದ ಬೆನ್ನುಗಳ ಎರಡು ಸಾಲು ನಿಧಾನವಾಗಿ ಹತ್ತಿರವಾಗುತ್ತಾ ಬರುವ ಆ ರಚನೆ ಯಾವ ಚಿತ್ರಕಾರನೂ ಕೂತು ಕಲ್ಪಿಸಲಾರದಂಥದ್ದು. 1970ರ ದಶಕದಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದ ಮೇಲೆ ರಂಪಣಿ ಕಡಿಮೆಯಾಗುತ್ತಲೇ ಇದೆ. ಇರುವಾಗಲೇ ಬಿಡಿಸು. ಕೋಡಿಬಾಗದ ಸಾಲುದೋಣಿಗಳಿವೆ, ಕಾಳಿ ನದಿ ಸಮುದ್ರ ಸೇರುವಲ್ಲಿನ ಮರಳದಿಬ್ಬಗಳಿವೆ, ನದಿಯಾಚೆಯ ಸದಾಶಿವಗಡವಿದೆ.

ಅದಕ್ಕೂ ಮೊದಲು ಒಂದು ಬಂಗಡೆ ಮೀನು ತಂದು ಬಿಳಿ ತಟ್ಟೆಯಲ್ಲಿಟ್ಟು ಬಿಡಿಸು. ತಾಜಾ ಇರುವಾಗಲೇ ಶುರುಮಾಡು, ಹೊತ್ತಾದರೆ ಮೈಮೇಲಿನ ಹೊನ್ನಿನ ಹೊಳಪು ಆರಿಹೋಗುತ್ತದೆ. ಬೆನ್ನಿನ ಉದ್ದಕ್ಕೂ ಕಪ್ಪು ಗೆರೆಗಳು, ಎದೆಯ ರೆಕ್ಕೆಯ ಬಳಿ ಒಂದು ಕಪ್ಪು ಚುಕ್ಕೆ. ಬಾಲದ ಹತ್ತಿರ ಮೇಲೂ ಕೆಳಗೂ ಐದೈದು ಪುಟಾಣಿ ರೆಕ್ಕೆಗಳು. ಬಹುತೇಕರು ಬಿಡುವುದು ಇವನ್ನೇ. ಬಿಡಿಸಿ ಮುಗಿದ ಮೇಲೆ ಮೀನುಪೇಟೆಗೆ ಒಯ್ದು ಮೀನು ಮಾರುವ ಅಕ್ಕಂದಿರಿಗೆ ತೋರಿಸು. ಯಾವ ಮೀನು ಎಂದು ನೀನು ಹೇಳದೆಯೇ ಅವರು ಹೇಳಿದರೆ ಚಿತ್ರ ಮಾರಾಟಕ್ಕೆ ಸಿದ್ಧ.

ಕೆಲಸ ಬಿಡಲೇ ಎಂದು ಕೇಳಿದ್ದೀಯ. ಈಗಲೇ ಬೇಡ. ಮನೆಯಲ್ಲಿ ಅಮ್ಮನ ಔಷಧಿ ಇದೆ, ತಂಗಿಯ ಓದು ಇದೆ. ಸಂಬಳ ಬರುವಾಗ ನೀನು ಬೆಲೆ ಇಳಿಸದೆ ಗಟ್ಟಿಯಾಗಿ ನಿಲ್ಲಬಲ್ಲೆ. ಬಾಡಿಗೆಯ ಚಿಂತೆಯಲ್ಲಿ ಕೂತವರು ನಿಲ್ಲಲಾರರು. ಬೆಳಿಗ್ಗೆ ಕಚೇರಿಗೆ ಮುಂಚಿನ ಒಂದು ಗಂಟೆ ಚಿತ್ರಕ್ಕೆ ಕೊಡು. ಮುಂದಿನ ದೀಪಾವಳಿಯ ಹೊತ್ತಿಗೆ ಲೆಕ್ಕದ ಪುಸ್ತಕ ತೆರೆದು ಇಬ್ಬರೂ ಕೂತು ಮಾತಾಡೋಣ.

ಎರಡು ಲಿನೋ ಹಾಳೆ, ಒಂದು ಸೆಟ್ ಉಳಿ ಪಾರ್ಸೆಲ್ ಮಾಡಿದ್ದೇನೆ. ಬರುವ ವರ್ಷದ ನನ್ನ ಕ್ಯಾಲೆಂಡರ್ ನವೆಂಬರ್ ಮೊದಲ ವಾರ ಅಚ್ಚಿಗೆ ಹೋಗಬೇಕು, ಅದರ ಸೆಪ್ಟೆಂಬರ್ ಪುಟಕ್ಕೆ ನಿನ್ನ ರಂಪಣಿ ಬೇಕು. ಆಗಸ್ಟ್‌ನಲ್ಲಿ ಮೀನುಗಾರಿಕೆ ಮತ್ತೆ ಆರಂಭವಾದ ಮೇಲೆ ನಿನಗೆ ಎರಡು ತಿಂಗಳಿಗೂ ಹೆಚ್ಚು ಸಿಗುತ್ತದೆ. ಚಿತ್ರಕ್ಕೆ ಹಣ ಕೊಡುತ್ತೇನೆ. ಎಷ್ಟು ಎಂದು ನಾನು ಹೇಳುವುದಿಲ್ಲ. ಮೇಲಿನ ಲೆಕ್ಕ ಹಾಕಿ ನೀನೇ ಹೇಳಬೇಕು, ಸ್ನೇಹದ ರಿಯಾಯಿತಿ ಕಳೆಯದೆ.

ನಿನ್ನ ಗೆಳತಿ