ಸೂತ್ರಕ್ಕಿಂತ ಮೊದಲು ಅಕ್ಷಗಳನ್ನು ಎಳೆಯಲಿ

ಮಾನ್ಯ ಸಂಪಾದಕರೇ,

ಎರಡು ಆಯಾಮಗಳ ಚಲನೆಯ, ಅಂದರೆ ಓರೆಯಾಗಿ ಎಸೆದ ವಸ್ತುವಿನ ಹಾರಾಟದ, ಲೆಕ್ಕಗಳನ್ನು ಕಲಿಸುವಾಗ ವ್ಯಾಪ್ತಿ (ವಸ್ತು ಅಡ್ಡಲಾಗಿ ಸಾಗುವ ದೂರ), ಗರಿಷ್ಠ ಎತ್ತರ, ಹಾರಾಟದ ಅವಧಿ ಎಂಬ ಮೂರು ಸೂತ್ರಗಳನ್ನು ಮೊದಲೇ ಬಾಯಿಪಾಠ ಮಾಡಿಸುವ ಪದ್ಧತಿಯನ್ನು ಕೈಬಿಡಬೇಕು. ಇವುಗಳಲ್ಲಿ ವ್ಯಾಪ್ತಿ ಮತ್ತು ಅವಧಿಯ ಸೂತ್ರಗಳು ವಸ್ತುವು ಎಸೆದ ಮಟ್ಟಕ್ಕೇ ಮರಳಿದಾಗ ಮಾತ್ರ ಸಲ್ಲುತ್ತವೆ. ಈ ಷರತ್ತು ಮರೆತುಹೋಗಿ ಸೂತ್ರವಷ್ಟೇ ವಿದ್ಯಾರ್ಥಿಯ ನೆನಪಿನಲ್ಲಿ ಉಳಿಯುತ್ತದೆ.

15 ಮೀಟರ್ ಎತ್ತರದ ಕಟ್ಟಡದ ಅಂಚಿನಿಂದ ಚೆಂಡೊಂದನ್ನು ಓರೆಯಾಗಿ ಮೇಲಕ್ಕೆ ಎಸೆಯಲಾಗಿದೆ ಎನ್ನೋಣ. ಆರಂಭಿಕ ವೇಗದ ಅಡ್ಡ ಘಟಕ ಸೆಕೆಂಡಿಗೆ 12 ಮೀಟರ್, ಲಂಬ ಘಟಕ 10 ಮೀಟರ್. ಗುರುತ್ವ ವೇಗೋತ್ಕರ್ಷವನ್ನು ಲೆಕ್ಕದ ಅನುಕೂಲಕ್ಕೆ 10 ಎಂದು ತೆಗೆದುಕೊಳ್ಳೋಣ, ಗಾಳಿಯ ತಡೆಯನ್ನು ಬಿಡೋಣ. ಕಂಠಪಾಠದ ವ್ಯಾಪ್ತಿ ಸೂತ್ರಕ್ಕೆ ಕಟ್ಟಡದ ಎತ್ತರ ಬೇಕಾಗಿಯೇ ಇಲ್ಲ. ಅದು 24 ಮೀಟರ್ ಎಂಬ ತಪ್ಪು ಉತ್ತರ ಕೊಡುತ್ತದೆ. ಬದಲಿಗೆ ಎಸೆದ ಬಿಂದುವನ್ನು ಮೂಲವಾಗಿಟ್ಟು, ಮೇಲ್ಮುಖ ದಿಕ್ಕನ್ನು ಧನವೆಂದು ಗುರುತಿಸಿ, ನೆಲ ಮುಟ್ಟುವ ಕ್ಷಣದ ಲಂಬ ಸ್ಥಾನಪಲ್ಲಟ −15 ಮೀಟರ್ ಎಂದು ಬರೆದರೆ, ಕಾಲಕ್ಕೆ 3 ಸೆಕೆಂಡ್ ಮತ್ತು −1 ಸೆಕೆಂಡ್ ಎಂಬ ಎರಡು ಬೆಲೆಗಳು ದೊರೆಯುತ್ತವೆ. ಅಡ್ಡ ದಿಕ್ಕಿನಲ್ಲಿ ವೇಗೋತ್ಕರ್ಷವಿಲ್ಲದ ಕಾರಣ ಚೆಂಡು 3 ಸೆಕೆಂಡಿನಲ್ಲಿ ಕಟ್ಟಡದಿಂದ 36 ಮೀಟರ್ ದೂರದಲ್ಲಿ ಬೀಳುತ್ತದೆ. ಋಣ ಬೆಲೆಯನ್ನೂ ವಿವರಣೆಯಿಲ್ಲದೆ ಹೊಡೆದುಹಾಕಬಾರದು. ಚೆಂಡಿನ ಬಾಗಿದ ಪಥವಾದ ಅದೇ ಪರವಲಯವನ್ನು ಹಿಂದಕ್ಕೆ ಬೆಳೆಸಿದರೆ, ಎಸೆತಕ್ಕೆ 1 ಸೆಕೆಂಡ್ ಮೊದಲು ಅದು ನೆಲಮಟ್ಟವನ್ನು ಸಂಧಿಸುತ್ತದೆ ಎಂಬುದು ಅದರ ಅರ್ಥ. ಸಮೀಕರಣಕ್ಕೆ ಕಟ್ಟಡದ ಅರಿವಿಲ್ಲ, ಅದು ವಿದ್ಯಾರ್ಥಿಗೆ ಇರಬೇಕು.

ಪಥದ ತುತ್ತತುದಿಯಲ್ಲಿ ವೇಗ ಸೊನ್ನೆ ಎಂಬ ವ್ಯಾಪಕ ತಪ್ಪು ಕಲ್ಪನೆಯೂ ಘಟಕಗಳನ್ನು ಬೇರೆಬೇರೆಯಾಗಿ ಬರೆಯದಿರುವುದರಿಂದಲೇ ಹುಟ್ಟುತ್ತದೆ. ಅಲ್ಲಿ ಸೊನ್ನೆಯಾಗುವುದು ಲಂಬ ಘಟಕ ಮಾತ್ರ. ಅಡ್ಡ ಘಟಕ 12 ಹಾಗೆಯೇ ಉಳಿದಿರುತ್ತದೆ, ಕೆಳಮುಖ ವೇಗೋತ್ಕರ್ಷವೂ ಒಂದಿಷ್ಟೂ ಬದಲಾಗಿರುವುದಿಲ್ಲ. ಅಡ್ಡಲಾಗಿ ಏಕರೂಪ ಚಲನೆ, ಲಂಬವಾಗಿ ಏಕರೂಪ ವೇಗೋತ್ಕರ್ಷದ ಚಲನೆ, ಇವೆರಡೂ ಒಂದನ್ನೊಂದು ಬಾಧಿಸದೆ ಕೂಡಿಕೊಂಡಾಗ ಪರವಲಯ ಮೂಡುತ್ತದೆ ಎಂದು ಗೆಲಿಲಿಯೊ 1638ರಲ್ಲೇ ಪ್ರಕಟಿಸಿದ್ದರು. ಇಡೀ ಅಧ್ಯಾಯಕ್ಕೆ ಈ ಒಂದು ತತ್ತ್ವ ಸಾಕು. ಎರಡೂ ಘಟಕಗಳಿಗೆ ಸಮಾನವಾಗಿರುವುದು ಕಾಲವೊಂದೇ ಎಂಬುದನ್ನು ಹಿಡಿದುಕೊಂಡ ವಿದ್ಯಾರ್ಥಿ ಇಳಿಜಾರಿನ ಮೇಲೆ ಬೀಳುವ ವಸ್ತುವಿನ ಲೆಕ್ಕವನ್ನೂ, ಅಕ್ಷಗಳನ್ನು ಇಳಿಜಾರಿಗೆ ಹೊಂದಿಸಿ ತಿರುಗಿಸಿಕೊಂಡು, ಹೊಸ ಸೂತ್ರದ ಹಂಗಿಲ್ಲದೆ ಬಿಡಿಸಬಲ್ಲನು.

ಆದ್ದರಿಂದ ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಲ್ಲಿ ನನ್ನ ವಿನಂತಿ ಇಷ್ಟು: ಎಸೆಯುವ ಮಟ್ಟವೂ ಬೀಳುವ ಮಟ್ಟವೂ ಬೇರೆಯಾಗಿರುವ ಒಂದು ಲೆಕ್ಕವನ್ನಾದರೂ ಕಡ್ಡಾಯವಾಗಿ ಕೇಳಿರಿ, ಅಕ್ಷಗಳನ್ನು ಎಳೆದು, ಚಿಹ್ನೆಗಳನ್ನು ಗುರುತಿಸಿ, ಘಟಕಗಳನ್ನು ಬೇರ್ಪಡಿಸಿ ಬರೆದವರಿಗೆ ಅಂತಿಮ ಉತ್ತರ ತಪ್ಪಿದ್ದರೂ ಅರ್ಧದಷ್ಟು ಅಂಕಗಳನ್ನು ನೀಡಿರಿ.

ಇಂತಿ,
ಭೌತವಿಜ್ಞಾನದ ಒಬ್ಬ ಉಪನ್ಯಾಸಕಿ