ಪುಟ್ಟಿಗೆ, ಆ ಐದು ಗೆರೆಗಳ ಬಗ್ಗೆ

ಸೋಮವಾರಪೇಟೆ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದು ಹತ್ತು ದಿನ ಆಯ್ತು. ಕರೆಂಟೂ ಇಲ್ಲ, ಫೋನಿಗೆ ಸಿಗ್ನಲ್ಲೂ ಇಲ್ಲ. ಅದಕ್ಕೇ ಕಾಗದ.

ಕರೆಂಟ್ ಹೋಗುವ ಮೊದಲು ನೀನು ಕಳಿಸಿದ ಫೋಟೋ ನೋಡಿದೆ. ಕೀಬೋರ್ಡ್ ಪುಸ್ತಕದಲ್ಲಿ ಐದು ಗೆರೆಗಳ ಮೇಲೆ ಚುಕ್ಕೆ ಇಟ್ಟು ಪಾಶ್ಚಾತ್ಯ ಸಂಗೀತ ಬರೆದಿರುತ್ತಾರಲ್ಲ, ಅದರ ಒಂದೊಂದು ಚುಕ್ಕೆಯ ಕೆಳಗೂ ಪೆನ್ಸಿಲ್‌ನಲ್ಲಿ ಸಿ, ಡಿ, ಇ ಅಂತ ಸ್ವರದ ಹೆಸರು ಬರೆದುಕೊಂಡಿದ್ದೀಯ. ಅಕ್ಷರ ಮುದ್ದಾಗಿದೆ. ಆದರೆ ರಬ್ಬರ್ ತಗೊಂಡು ಎಲ್ಲ ಅಳಿಸು. ಅದು ಅಲ್ಲಿದ್ದಷ್ಟು ದಿನ ನಿನ್ನ ಕಣ್ಣು ಚುಕ್ಕೆಯ ಕಡೆ ಹೋಗುವುದೇ ಇಲ್ಲ.

ಹೀಗೆ ಕಳ್ಳದಾರಿ ಹಿಡಿದವನು ನಾನೂ ಹೌದು. ಸೈನ್ಯದ ಬ್ಯಾಂಡಿಗೆ ಸೇರಿದ ಹೊಸತರಲ್ಲಿ ನನಗೆ ಓದಲು ಬರುತ್ತಿರಲಿಲ್ಲ. ಕಿವಿ ಮಾತ್ರ ಚುರುಕಾಗಿತ್ತು. ಪಕ್ಕದವನು ಎರಡು ಸಲ ಊದಿದರೆ ಸಾಕು, ಹಿಡಿದುಬಿಡುತ್ತಿದ್ದೆ. ಮುಂದೆ ಕಾಗದ ಇಟ್ಟುಕೊಂಡು ಓದುವವನ ಹಾಗೆ ಮುಖ ಮಾಡುತ್ತಿದ್ದೆ. ಒಂದು ದಿನ ಗೊತ್ತಿದ್ದ ಮಟ್ಟನ್ನೇ ಬೇರೆ ಥರ ಬರೆದು ಕೊಟ್ಟರು. ಎರಡು ಅಡ್ಡಗೋಡೆಯಂಥ ಗೆರೆ, ಅದರ ಎಡಕ್ಕೆ ಮೇಲೊಂದು ಕೆಳಗೊಂದು ಚುಕ್ಕೆ. ಹಾಗೆ ಬಂದರೆ ಹಿಂದಕ್ಕೆ ಹೋಗಿ ಮತ್ತೆ ನುಡಿಸಬೇಕು. ಎಲ್ಲರೂ ಹಿಂದಕ್ಕೆ ಹೋದರು. ನಾನೊಬ್ಬನೇ ಜೋರಾಗಿ ಕ್ಲಾರಿನೆಟ್ ಊದುತ್ತಾ ಮುಂದಕ್ಕೆ ಹೋದೆ! ಆಮೇಲೆ ಮಧ್ಯಪ್ರದೇಶದ ಪಚ್‌ಮಢಿಗೆ, ಸೈನ್ಯದ ಬ್ಯಾಂಡಿನವರ ತರಬೇತಿಗೆ ಹೋದಾಗ ಅ ಆ ಇ ಈಯಿಂದ ಶುರು ಮಾಡಿದೆ.

'ಮದುವೆಯಲ್ಲಿ ವಾಲಗ ಊದುವವರು ಯಾವ ಕಾಗದ ನೋಡ್ತಾರೆ ಮಾವ?' ಅಂತ ಕೇಳಿದ್ದೀಯ. ಒಳ್ಳೆ ಪ್ರಶ್ನೆ. ಅವರಿಗೆ ಕಾಗದ ಬೇಕಿಲ್ಲ. ಚಿಕ್ಕಂದಿನಿಂದ ಹಿರಿಯರ ಪಕ್ಕದಲ್ಲೇ ನಿಂತು ಕಲಿತವರು. ಆದರೆ ನಮ್ಮ ಬ್ಯಾಂಡಿನಲ್ಲಿ ಒಬ್ಬನ ಮಾತು ಇನ್ನೊಬ್ಬನಿಗೆ ಅರ್ಥವಾಗುತ್ತಿರಲಿಲ್ಲ. ಎಲ್ಲರಿಗೂ ಅರ್ಥವಾಗುತ್ತಿದ್ದದ್ದು ಆ ಕಾಗದ ಒಂದೇ.

ಈಗ ಪುಸ್ತಕ ತೆಗೆ. ಎಡತುದಿಯಲ್ಲಿ ಜಿಲೇಬಿ ಸುತ್ತಿದ ಹಾಗೆ ಒಂದು ಗುರುತಿದೆ ಅಲ್ವಾ? ಅದು ಟ್ರೆಬಲ್ ಕ್ಲೆಫ್, ಯಾವ ಗೆರೆ ಯಾವ ಸ್ವರ ಅಂತ ಹೇಳುವ ಗುರುತು. ಅದರ ಸುರುಳಿ ಕೆಳಗಿನಿಂದ ಎರಡನೇ ಗೆರೆಯನ್ನು ಸುತ್ತಿಕೊಂಡಿದೆ. ಆ ಗೆರೆಯೇ ಜಿ. ಮೂಲದಲ್ಲಿ ಅದು ಜಿ ಅಕ್ಷರವೇ, ಬರೆದೂ ಬರೆದೂ ಈ ಆಕಾರಕ್ಕೆ ಬಂತು. ಇನ್ನು ಐದು ಗೆರೆಗೂ ಕೆಳಗೆ, ಹೊಟ್ಟೆಗೆ ಅಡ್ಡ ಒಂದು ಪುಟ್ಟ ಗೆರೆ ಹಾಕಿಕೊಂಡು ಕೂತಿರುವುದು ನಡು ಸಿ. ಕೆಳಗಿನಿಂದ ಮೂರನೇ ಸಂದಿಯಲ್ಲಿ ಅದರ ಮೇಲಿನ ಸಿ. ಈ ಮೂರು ಗೊತ್ತಿದ್ದರೆ ಸಾಕು. ಉಳಿದದ್ದನ್ನು ಅವುಗಳಿಂದ ಹತ್ತಿ ಇಳಿದು ಕಂಡುಕೋ. ಗೆರೆಯಿಂದ ಪಕ್ಕದ ಸಂದಿಗೆ ಹೋದರೆ ಸ ಆದ ಮೇಲೆ ರಿ ಬಂದ ಹಾಗೆ. ಗೆರೆಯಿಂದ ಮುಂದಿನ ಗೆರೆಗೆ ಹೋದರೆ ನಡುವೆ ಒಂದು ಬಿಟ್ಟುಹೋಯಿತು, ಸ ಆದ ಮೇಲೆ ಗ.

ಒಂದು ಎಚ್ಚರಿಕೆ. ನಮ್ಮ ಸ ಎಲ್ಲಿ ಬೇಕಾದರೂ ಕೂರುತ್ತದೆ. ನೀನು ಐದು ಮನೆ ಶ್ರುತಿಯಲ್ಲಿ ಹಾಡುವಾಗ ನಿನ್ನ ಸ ಇರುವುದು ಜಿಯಲ್ಲಿ, ಅಂದರೆ ಸಿಯಿಂದ ಎಣಿಸಿದರೆ ಐದನೇ ಬಿಳಿ ಮನೆಯಲ್ಲಿ. ಪುಸ್ತಕದ ಸಿ ಹಾಗಲ್ಲ, ಕೀಬೋರ್ಡಿನಲ್ಲಿ ಅದರ ಮನೆ ಬದಲಾಗುವುದೇ ಇಲ್ಲ. ಇದು ತಲೆಗೆ ಹೋಗಲು ನನಗೆ ತಿಂಗಳು ಹಿಡಿಯಿತು. ನಿನಗೆ ಇಷ್ಟು ಸಾಕಾಗಬಹುದು.

ನಿನಗೆ ಬಾಯಿಪಾಠ ಇರುವ 'ಶ್ಯಾಮಳೇ ಮೀನಾಕ್ಷಿ' ತಗೋ. ನೊಟ್ಟುಸ್ವರ. ಮುತ್ತುಸ್ವಾಮಿ ದೀಕ್ಷಿತರು ಅಂಥವನ್ನೆಲ್ಲ ಬ್ರಿಟಿಷರ ಬ್ಯಾಂಡಿನಂಥ ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತದಲ್ಲಿ ಮಾತು ಕೂಡಿಸಿ ಮಾಡಿದ್ದು. ಶಂಕರಾಭರಣ ರಾಗ, ಅಂದರೆ ಸಿಯಿಂದ ಶುರು ಮಾಡಿದರೆ ಬರೀ ಬಿಳಿ ಮನೆಗಳೇ. ಸ ಸ ಪ ಪ ದ ದ ಪಾ. ನಡು ಸಿಯಲ್ಲಿ ಎರಡು ಚುಕ್ಕೆ ಇಡು. ಸುರುಳಿಯ ಗೆರೆ ಮೇಲೆ ಎರಡು. ಅದರ ಮೇಲಿನ ಸಂದಿಯಲ್ಲಿ ಎರಡು. ಮತ್ತೆ ಗೆರೆಗೆ ಇಳಿ. ಮೊದಲ ಆರೂ ಕಪ್ಪು, ಕಡ್ಡಿ ಇರುವಂಥವು, ಒಂದೊಂದಕ್ಕೆ ಒಂದು ಎಣಿಕೆ. ಕೊನೆಯದು ಎರಡು ಎಣಿಕೆ ನಿಲ್ಲಬೇಕು, ಅದಕ್ಕೆ ಒಳಗೆ ಟೊಳ್ಳು ಬಿಡು, ಕಡ್ಡಿ ಇರಲಿ. ನಿನ್ನ ಹಾಡಿನ ಟೀಚರ್ ಕೊಟ್ಟ ಪುಸ್ತಕದಲ್ಲಿ ಎಳೆಯಲು ಸ್ವರದ ಪಕ್ಕ ಕಾಮಾ, ಸೆಮಿಕೋಲನ್ ಹಾಕುತ್ತಾರಲ್ಲ, ಇಲ್ಲಿ ಆ ಲೆಕ್ಕ ಚುಕ್ಕೆಯ ಆಕಾರದಲ್ಲೇ ಇದೆ. ಬೇರೆಯವರು ಬರೆದದ್ದನ್ನು ಓದುವುದಕ್ಕಿಂತ ಗೊತ್ತಿರುವುದನ್ನು ನೀನೇ ಬರೆದರೆ ಬೇಗ ಹತ್ತುತ್ತದೆ.

ಹೊಸ ಪಾಠ ಬಂದ ದಿನ ಕೀಬೋರ್ಡ್ ಮುಟ್ಟಬೇಡ. ಮೊದಲು ತೊಡೆ ಮೇಲೆ ತಾಳ ಹಾಕಿ ಎಣಿಕೆ ಮಾತ್ರ ಓದು, 'ತಾ ತಾ ತಾ-ಆ' ಅಂತ. ಸ್ವರ ತಪ್ಪಿದರೆ ಬ್ಯಾಂಡು ಸಹಿಸುತ್ತದೆ, ಎಣಿಕೆ ತಪ್ಪಿದರೆ ನನ್ನ ಥರ ಒಬ್ಬನೇ ಮುಂದೆ ಹೋಗುತ್ತೀಯ. ದಿನಕ್ಕೆ ಹತ್ತು ನಿಮಿಷ ಸಾಕು, ಜಾಸ್ತಿ ಬೇಡ. ಎಡಗೈಗೆ ಬೇರೆ ಕ್ಲೆಫ್ ಇದೆ, ಎರಡು ಚುಕ್ಕೆಯದ್ದು. ಅದರ ಗೊಡವೆ ಈಗ ಬೇಡ.

ಗೆರೆ ಪುಸ್ತಕಕ್ಕೆ ದುಡ್ಡು ಕೊಡಬೇಡ. ಸುಮ್ನೆ ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಎಳೆದುಕೋ. ಹುತ್ತರಿ ಹಬ್ಬಕ್ಕೆ ಬರುವಾಗ ಆ ಹಾಳೆ ತಾ, ನಿನ್ನ ಕೈಬರಹ ನೋಡಿಯೇ ನಾನು ಊದುತ್ತೇನೆ. ನನ್ನ ಕ್ಲಾರಿನೆಟ್ಟಿಗೆ ಒಂದು ಸ್ವರ ಮೇಲಕ್ಕೆ ಬರೆದುಕೊಡಬೇಕು, ಅದು ಹೇಗೆ ಅಂತ ಬಂದಾಗ ಹೇಳ್ತೀನಿ. ಅದರ ಊದುವ ತುದಿಗೆ ಕಟ್ಟುವ ರೀಡಿಗೆ ಬೂಷ್ಟು ಹಿಡಿದಿದೆ. ಮೈಸೂರಿಗೆ ಹೋಗುವವರಿದ್ದರೆ ಒಂದೆರಡು ತರಿಸಲು ನಿನ್ನ ಅಪ್ಪನಿಗೆ ಹೇಳು.

ನಿನ್ನ ಮಾವ